ಪೆಟ್ಟಿಗೆಗಿಂತ ಚೀಟಿ ಮುಖ್ಯ

ಗಾಳಕ್ಕೆ ಗರಿ ಕಟ್ಟುವ ಹವ್ಯಾಸವುಳ್ಳವರ ಮನೆಗೆ ಹೋದರೆ ಅವರು ಮೊದಲು ತೋರಿಸುವುದು ಹಿಡಿದ ಮೀನಿನ ಚಿತ್ರವನ್ನಲ್ಲ, ಪೆಟ್ಟಿಗೆಯನ್ನು. ಪಾರದರ್ಶಕ ಮುಚ್ಚಳ, ಒಳಗೆ ಇಪ್ಪತ್ತನಾಲ್ಕು ಪುಟ್ಟ ಕೋಣೆ, ಒಂದೊಂದು ಕೋಣೆಯಲ್ಲೂ ಚಿಟಿಕೆಯಷ್ಟು ಉಕ್ಕಿನ ಮಿನುಗು. ಕಿಟಕಿಯ ಬೆಳಕಿಗೆ ಹಿಡಿದರೆ ಒಡವೆಯ ಅಂಗಡಿಯ ನೆನಪಾಗುತ್ತದೆ. ಆದರೆ ಆ ಕೋಣೆಗಳೊಂದರಿಂದ ಒಂದು ಗಾಳವನ್ನೆತ್ತಿ, ಇದನ್ನು ಮಾಡಿದವರು ಯಾರು, ಎಷ್ಟನೆಯ ಸಂಖ್ಯೆ, ಯಾವಾಗ ಕೊಂಡದ್ದು ಎಂದು ಕೇಳಿದರೆ ಉತ್ತರ ಬರುವುದು ಅಪರೂಪ. ಪೊಟ್ಟಣವನ್ನು ಹರಿದು ಗಾಳಗಳನ್ನು ಕೋಣೆಗೆ ಸುರಿದ ದಿನವೇ ಆ ವಿವರಗಳು ಕಸದ ಬುಟ್ಟಿಗೆ ಹೋಗಿರುತ್ತವೆ. ಪೆಟ್ಟಿಗೆಗೆ ಕೈಬಿಚ್ಚಿ ಖರ್ಚು ಮಾಡುವವರು ಒಂದು ಚೀಟಿಯ ಮೇಲೆ ನಾಲ್ಕು ಅಕ್ಷರ ಬರೆಯುವುದಕ್ಕೆ ಸೋಮಾರಿಗಳಾಗುತ್ತಾರೆ. ಪೆಟ್ಟಿಗೆ ಯಾವುದಾದರೂ ಆಗಲಿ, ಚೀಟಿ ಮಾತ್ರ ಇರಲೇಬೇಕು ಎಂಬುದು ನಮ್ಮ ವಾದ.

ಸಾಹಿತ್ಯದ ಬಳಗದಲ್ಲಿ ಗಾಳದ ಮಾತೇಕೆ ಎಂದು ಹುಬ್ಬೇರಿಸುವವರಿಗಾಗಿ ಒಂದೆರಡು ವಾಕ್ಯ. ವಿಶಾಖಪಟ್ಟಣದ ಬಂದರು, ನೌಕಾಪಡೆ, ಉಕ್ಕಿನ ಕಾರ್ಖಾನೆಗಳಿಗೂ ವಿಜಯವಾಡದ ರೈಲ್ವೆ, ಬ್ಯಾಂಕು, ಹೋಟೆಲುಗಳಿಗೂ ಬಂದು ನೆಲೆಸಿದ ಕನ್ನಡಿಗರಲ್ಲಿ ನಾವು ಕೆಲವರು ಭಾನುವಾರಗಳಂದು ಪುಸ್ತಕದ ಮಾತು ಮುಗಿದ ಮೇಲೆ ಗಾಳದ ಕೋಲು ಹಿಡಿದು ಹೊರಡುವವರು. ನಾವು ಎರೆಹುಳು ಸಿಕ್ಕಿಸುವುದಿಲ್ಲ. ಬರಿಯ ಗಾಳದ ಮೇಲೆ ನೂಲು, ಗರಿ, ತುಪ್ಪಳಗಳನ್ನು ಬಿಗಿದು ನೊಣದಂತೆಯೋ, ಸಿಗಡಿಯಂತೆಯೋ, ಮರಿಮೀನಿನಂತೆಯೋ ಕಾಣುವ ಹುಸಿಯೆರೆಯೊಂದನ್ನು ಕಟ್ಟುತ್ತೇವೆ. ಇಂಗ್ಲಿಷಿನವರು ಇದನ್ನು ಫ್ಲೈ ಎನ್ನುತ್ತಾರೆ. ಮರಿಮೀನಿನ ಆಕಾರದಲ್ಲಿದ್ದರೂ ಅವರಿಗೆ ಅದು ನೊಣವೇ. ನಾವು ಹುಸಿನೊಣ ಎಂದು ಕರೆದುಕೊಂಡಿದ್ದೇವೆ. ಈ ಕಟ್ಟೋಣಕ್ಕೆ ಅಡಿಪಾಯ ಗಾಳ. ಗರಿ ತಪ್ಪಿದರೆ ಬಿಚ್ಚಿ ಮತ್ತೆ ಕಟ್ಟಬಹುದು. ಗಾಳವೇ ತಪ್ಪಿದರೆ ಅರ್ಧ ಗಂಟೆಯ ಕೆಲಸವೆಲ್ಲ ವ್ಯರ್ಥ. ಒಳಗೊಳಗೇ ತುಕ್ಕು ಹಿಡಿದಿದ್ದರಂತೂ ಅದು ಮೀನಿನ ಬಾಯಲ್ಲೇ ಮುರಿಯುತ್ತದೆ.

ಗಾಳ ಎಂಬ ಮಾತು ಅಚ್ಚಗನ್ನಡದ್ದು, ತೆಲುಗಿನಲ್ಲಿ ಗಾಲಂ. ಕನ್ನಡದ ಬಲೆ ಅಲ್ಲಿ ವಲ, ನಮ್ಮ ಎರೆ ಅವರಿಗೆ ಎರ. ಈ ಎರಡು ಊರುಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೂ ಸರ್ಕಾರಿ ಕಾಗದದ ತೆಲುಗು ನಮ್ಮಲ್ಲಿ ಕೆಲವರಿಗೆ ಕಠಿಣವೇ. ಆದರೆ ಮೀನಿನ ಕಟ್ಟೆಯ ತೆಲುಗು ಮೊದಲ ದಿನವೇ ಅರ್ಧಕ್ಕರ್ಧ ತಿಳಿಯಿತು. ಗಾಳದ ಅಂಗಗಳಿಗೂ ಕನ್ನಡದ ಮಾತುಗಳು ಸಲೀಸಾಗಿ ಒದಗುತ್ತವೆ. ನೂಲು ಪೋಣಿಸುವ ಕಣ್ಣು, ಕಣ್ಣಿನಿಂದ ಇಳಿಯುವ ದಂಡ, ದಂಡ ತಿರುಗುವ ಬಾಗು, ಬಾಗಿನ ತುದಿಯ ಮೊನೆ, ಮೊನೆಯ ಹಿಂದಿನ ಹಿಮ್ಮುಳ್ಳು, ಮೊನೆಗೂ ದಂಡಕ್ಕೂ ನಡುವಿನ ತೆರಪಾದ ಬಾಯಿ. ಚೀಟಿಯಲ್ಲಿ ಬರೆಯಬೇಕಾದ ಸಂಗತಿಗಳೆಲ್ಲ ಈ ಆರು ಮಾತುಗಳಲ್ಲಿ ಅಡಗಿವೆ.

ಚೀಟಿ ಏಕೆ ಬೇಕೆಂಬುದು ಗಾಳದ ಸಂಖ್ಯೆಗಳನ್ನು ನೋಡಿದವರಿಗೆ ತಾನೇ ತಿಳಿಯುತ್ತದೆ. ಈ ಸಂಖ್ಯೆಗಳಷ್ಟು ತಲೆಕೆಳಗಾದ ಲೆಕ್ಕವನ್ನು ನಾವು ಬೇರೆಲ್ಲೂ ಕಂಡಿಲ್ಲ. 14 ಎಂದರೆ ಸೊಳ್ಳೆಗಿಂತ ಸ್ವಲ್ಪ ದೊಡ್ಡ ನೊಣ ಕಟ್ಟುವಂಥದ್ದು, 8 ಅದಕ್ಕಿಂತ ದೊಡ್ಡದು, 2 ಇನ್ನೂ ದೊಡ್ಡದು. 1ಕ್ಕೆ ಬಂದ ಮೇಲೆ ಲೆಕ್ಕ ತಿರುಗಿ 1/0, 2/0, 3/0 ಎಂದು ಮೇಲೇರುತ್ತದೆ. ಇಂಗ್ಲೆಂಡಿನ ಸೂಜಿಯ ಊರಾದ ರೆಡ್ಡಿಚ್‌ನ ಹೆಸರಿನಲ್ಲಿ ಈ ಅಳತೆ ಪ್ರಸಿದ್ಧವಾಗಿದೆ. ನಾರ್ವೆಯ ಮುಸ್ಟಾಡ್ ಕಾರ್ಖಾನೆಯಂಥ ದೊಡ್ಡ ತಯಾರಕರೂ ಇದೇ ಸಂಖ್ಯೆಗಳನ್ನು ಬಳಸುತ್ತಾರೆ. ಆದರೆ ಒಬ್ಬರ 8 ಇನ್ನೊಬ್ಬರ 8ಕ್ಕೆ ಸಮನಾಗಿರಲೇಬೇಕೆಂಬ ಕಟ್ಟುಪಾಡು ಎಲ್ಲೂ ಇಲ್ಲ. ಇದರ ಮೇಲೆ ‘2 ಎಕ್ಸ್ ಉದ್ದ’ ಎಂಬ ಇನ್ನೊಂದು ಒಗಟು: ಬಾಯಿ ತನ್ನ ಸಂಖ್ಯೆಯದೇ, ದಂಡ ಮಾತ್ರ ಎರಡು ಅಳತೆ ದೊಡ್ಡ ಗಾಳದ್ದು. ‘2 ಎಕ್ಸ್ ಗಟ್ಟಿ’ ಎಂದರೆ ತಂತಿ ದೊಡ್ಡ ಗಾಳದಷ್ಟು ದಪ್ಪ. ಕಣ್ಣಳತೆಯಲ್ಲಿ ಇವನ್ನು ಬೇರ್ಪಡಿಸುತ್ತೇವೆ ಎನ್ನುವವರ ಮಾತನ್ನು ನಾವು ನಂಬುವುದಿಲ್ಲ. ಪೊಟ್ಟಣದ ಮೇಲಿನ ತಯಾರಕರ ಹೆಸರು ಮತ್ತು ಮಾದರಿಯ ಸಂಖ್ಯೆ ಕಳೆದುಹೋದರೆ ಆ ಗಾಳವನ್ನು ಮತ್ತೆ ತರಿಸಿಕೊಳ್ಳುವ ದಾರಿಯೂ ಮುಚ್ಚಿದಂತೆ.

ಇನ್ನು ಜೋಡಿಸುವ ಕ್ರಮ. ಈ ವಿಷಯದಲ್ಲಿ ನಮ್ಮ ಬಳಗದಲ್ಲೇ ಎರಡು ಪಕ್ಷಗಳಿದ್ದುವು. ಹಾಸ್ಯಕ್ಕೆ ಅವುಗಳನ್ನು ಕಿಟ್ಟೆಲ್ ಪಕ್ಷ, ಅಮರ ಪಕ್ಷ ಎಂದು ಕರೆಯುತ್ತಿದ್ದೆವು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ಕಿಟ್ಟೆಲರ ನಿಘಂಟಿನಲ್ಲಿ ಪದಗಳು ಅಕಾರಾದಿಯಾಗಿ ನಿಂತಿವೆ. ಪದದ ಅರ್ಥ ಏನೇ ಇರಲಿ, ಅದರ ಅಕ್ಷರವೇ ಅದರ ಸ್ಥಾನ. ಅಮರಕೋಶದಲ್ಲಿ ಹಾಗಲ್ಲ. ಅಲ್ಲಿ ಪದಗಳು ವರ್ಗಗಳಾಗಿ, ಸಂಸಾರ ಸಮೇತ ಕುಳಿತಿವೆ. ಗಾಳದ ಸಂಸ್ಕೃತದ ಹೆಸರಾದ ಬಡಿಶ ಎಂಬುದು ವಾರಿವರ್ಗದಲ್ಲಿ, ನೀರು, ಮೀನು, ಬೆಸ್ತರ ನಡುವೆಯೇ ಸಿಗುತ್ತದೆ. ಗಾಳಗಳನ್ನು ಸಂಖ್ಯೆಯ ಪ್ರಕಾರ ಇಡಬೇಕೆನ್ನುವವರು ಕಿಟ್ಟೆಲ್ ಪಕ್ಷ. ಇದು ಕೊರ್ರಮೀನಿಗೆ, ಇದು ಪಂಡುಗಪ್ಪನಿಗೆ, ಇದು ಸಮುದ್ರದ ಪಾರ ಮೀನಿಗೆ ಎಂದು ಮೀನಿನ ಪ್ರಕಾರ ಇಡಬೇಕೆನ್ನುವವರು ಅಮರ ಪಕ್ಷ.

ಅಮರ ಪಕ್ಷದವರು ತಮ್ಮ ಬೆಂಬಲಕ್ಕೆ ಒಬ್ಬ ಚಕ್ರವರ್ತಿಯನ್ನೇ ಕರೆತರುತ್ತಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಒಂದು ಅಧ್ಯಾಯವಿದೆ. ಅಡುಗೆ, ಆನೆ, ಸಂಗೀತ, ಚಿತ್ರಕಲೆಗಳ ಬಗೆಗೆ ಬರೆದಷ್ಟೇ ಆಸ್ಥೆಯಿಂದ ದೊರೆ ಗಾಳದ ಬೇಟೆಯ ಬಗೆಗೂ ಬರೆದಿದ್ದಾನೆ. ಸಮುದ್ರದ ಮೀನು, ನದಿಯ ಮೀನು ಎಂದೂ ಹುರುಪೆ ಉಳ್ಳದ್ದು, ಇಲ್ಲದ್ದು ಎಂದೂ ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಆಹಾರ ಹಾಕಿ ಪಳಗಿಸಬೇಕು, ದಾರ ಎಂಥದು, ಕೋಲು ಎಂಥದು ಎಂಬುದನ್ನೆಲ್ಲ ಹೇಳುತ್ತಾನೆ. ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದಿಂದ ಕಡಲು ಬಲು ದೂರ. ಆದರೆ ಅವನ ತಂದೆ ಆರನೆಯ ವಿಕ್ರಮಾದಿತ್ಯನ ಕೊನೆಗಾಲದಲ್ಲಿ ಗೋದಾವರಿ ಕೃಷ್ಣೆಗಳ ನಡುವಿನ ವೆಂಗಿಯೂ ಕಲ್ಯಾಣದ ಕೈಸೇರಿತ್ತೆಂಬುದನ್ನು ನೆನೆದರೆ, ಕಡಲ ಮೀನುಗಳ ಮಾತು ಆ ಅರಮನೆಗೆ ಹೇಗೆ ತಲುಪಿತೆಂದು ಊಹಿಸುವುದು ಕಷ್ಟವಲ್ಲ. ನಾವು ಕೃಷ್ಣಾ ತೀರದಲ್ಲಿ ಕುಳಿತು ಗಾಳ ಹಾಕುವುದು ಹೊಸ ಸಂಗತಿಯೇನೂ ಅಲ್ಲ ಎಂದು ಹೇಳಿಕೊಳ್ಳಲು ಇಷ್ಟು ಸಾಕು.

ಎರಡು ಪಕ್ಷವೂ ಅರ್ಧ ಸರಿ ಎಂಬುದು ನಮ್ಮ ತೀರ್ಪು. ಕಟ್ಟದಿರುವ ಬರಿಗಾಳಗಳು ಪದಗಳಿದ್ದಂತೆ. ಅವು ಕಿಟ್ಟೆಲರ ಕ್ರಮದಲ್ಲಿ, ತಯಾರಕ, ಮಾದರಿ, ಸಂಖ್ಯೆ ಎಂಬ ಸಾಲಿನಲ್ಲಿ ನಿಲ್ಲಬೇಕು. ಏಕೆಂದರೆ ಒಂದೇ 6ರ ಗಾಳದ ಮೇಲೆ ಕೊರ್ರಮೀನಿಗೆ ಕಪ್ಪೆಯನ್ನೂ ಕಟ್ಟಬಹುದು, ಬೇರೊಂದಕ್ಕೆ ಸಿಗಡಿಯನ್ನೂ ಕಟ್ಟಬಹುದು. ಮೊದಲೇ ಮೀನಿನ ಹೆಸರು ಅಂಟಿಸಿದರೆ ಅದೇ ಗಾಳವನ್ನು ಮೂರು ಕೋಣೆಯಲ್ಲಿ ಇಡಬೇಕಾಗುತ್ತದೆ, ಮೂರು ಸಲ ಕೊಳ್ಳಬೇಕಾಗುತ್ತದೆ. ಕಟ್ಟಿ ಮುಗಿದ ಹುಸಿನೊಣಗಳಾದರೋ ವಾಕ್ಯಗಳು. ಅವುಗಳಿಗೆ ಸಂದರ್ಭ ಬೇಕು. ನೀರಿನ ಬಳಿ ನಿಂತಾಗ ಕೈ ಹುಡುಕುವುದು ಸಂಖ್ಯೆಯನ್ನಲ್ಲ, ಎದುರಿಗಿರುವ ಮೀನಿಗೆ ತಕ್ಕುದನ್ನು. ಆದ್ದರಿಂದ ಮೇಜಿನ ಮೇಲಿನ ಪೆಟ್ಟಿಗೆ ಕಿಟ್ಟೆಲರದು, ಜೇಬಿನಲ್ಲಿ ಹೋಗುವ ಪೆಟ್ಟಿಗೆ ಅಮರನದು. ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸುವವರು ಕೊನೆಗೆ ಎರಡನ್ನೂ ಕಳೆದುಕೊಳ್ಳುವುದನ್ನು ನಾವು ಅನೇಕ ಬಾರಿ ನೋಡಿದ್ದೇವೆ.

ಕ್ರಮದ ಮಾತು ಹೀಗಾದರೆ ಕಾಪಾಡುವ ಮಾತು ಊರಿನಿಂದ ಊರಿಗೆ ಬೇರೆ. ತಂಪು ದೇಶದವರು ಬರೆದ ಸಲಹೆಗಳು ವಿಶಾಖಪಟ್ಟಣದಲ್ಲಿ ನಡೆಯುವುದಿಲ್ಲ. ಕಡಲ ಗಾಳಿಯಲ್ಲಿ ಉಪ್ಪಿನ ಸೂಕ್ಷ್ಮ ಕಣಗಳಿರುತ್ತವೆ. ಅಡುಗೆಯ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತ ದಾಟಿದೊಡನೆ ಗಾಳಿಯಿಂದಲೇ ನೀರೆಳೆದುಕೊಂಡು ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಲವಣ ಅದಕ್ಕಿಂತ ಬಹಳ ಮೊದಲೇ ಒದ್ದೆಯಾಗುತ್ತದೆ. ವಿಶಾಖಪಟ್ಟಣದ ಮುಂಜಾವುಗಳಲ್ಲಿ ಅಷ್ಟು ಆರ್ದ್ರತೆ ಸಾಮಾನ್ಯ. ಅಂದರೆ ಗಾಳದ ಮೇಲೆ ಕಣ್ಣಿಗೆ ಕಾಣದ ಉಪ್ಪಿದ್ದರೆ ಸಾಕು, ಮುಚ್ಚಿದ ಕಪಾಟಿನಲ್ಲಿಯೂ ಅದು ದಿನಾ ಬೆಳಿಗ್ಗೆ ತಾನೇ ಸ್ನಾನ ಮಾಡುತ್ತದೆ. ಹೆಚ್ಚಿನ ಹುಸಿನೊಣದ ಗಾಳಗಳು ಇಂಗಾಲದ ಉಕ್ಕಿನವು, ಮೇಲೆ ಕಂದು ಬಣ್ಣದ ತೆಳುವಾದ ಲೇಪ. ಕೋಣೆಯಲ್ಲಿ ಹಿಡಿಯಷ್ಟು ಸುರಿದು ಕುಲುಕಾಡಿಸಿದರೆ ಒಂದರ ಮೊನೆ ಇನ್ನೊಂದರ ಲೇಪವನ್ನು ಗೀರುತ್ತದೆ, ತುಕ್ಕು ಅಲ್ಲಿಂದ ಆರಂಭ. ಒಂದು ಕೋಣೆಗೆ ಇಪ್ಪತ್ತೈದಕ್ಕಿಂತ ಹೆಚ್ಚು ಗಾಳ ಬೇಡ ಎಂಬುದು ಇದರಿಂದಾಗಿಯೇ.

ಸ್ಟೇನ್‌ಲೆಸ್ ಗಾಳವನ್ನೂ ಇಂಗಾಲದ ಉಕ್ಕಿನ ಗಾಳವನ್ನೂ ಒಂದೇ ಕೋಣೆಯಲ್ಲಿ ಇಡುವುದು ಇನ್ನೂ ಕೆಟ್ಟದ್ದು. ಉಪ್ಪುನೀರಿನ ಪಸೆಯಲ್ಲಿ ಎರಡು ಲೋಹ ತಾಗಿದರೆ ಸಣ್ಣ ವಿದ್ಯುತ್ಕೋಶವೇ ಆಗಿ ಬಡ ಲೋಹ ಬೇಗ ಸವೆಯುತ್ತದೆ. ಅಯಸ್ಕಾಂತದ ಹಾಳೆ ಹಾಸಿದ ಪೆಟ್ಟಿಗೆ ಕಟ್ಟುವಾಗ ಅನುಕೂಲವೇ, ಬೀಳುವ ಗಾಳ ಅಲ್ಲೇ ಅಂಟುತ್ತದೆ. ಆದರೆ ತಿಂಗಳುಗಟ್ಟಲೆ ಅದರ ಮೇಲೆ ಇದ್ದ ಸಣ್ಣ ಗಾಳಗಳು ತಾವೇ ಅಯಸ್ಕಾಂತವಾಗಿ ಒಂದಕ್ಕೊಂದು ಅಂಟಿಕೊಂಡು ಪೀಡಿಸುತ್ತವೆ. ನೀರಿನಿಂದ ಬಂದ ಹುಸಿನೊಣವನ್ನು ಒದ್ದೆಯಾಗಿಯೇ ಸ್ಪಂಜಿನ ಹಾಸಿಗೆ ಚುಚ್ಚಿಡುವುದು ಪೆಟ್ಟಿಗೆಯ ಉಳಿದೆಲ್ಲವಕ್ಕೂ ತುಕ್ಕನ್ನು ಹಂಚಿದಂತೆ. ಸಿಹಿನೀರಿನಲ್ಲಿ ತೊಳೆದು, ಒಂದು ರಾತ್ರಿ ಬಯಲಿಗೆ ಬಿಟ್ಟು, ಆಮೇಲೆ ಒಳಗಿಡಬೇಕು. ಸಿಲಿಕಾ ಜೆಲ್ಲಿನ ಪುಡಿಕೆ ಹಾಕುತ್ತೇವೆ ಎನ್ನುವವರು ಅದನ್ನು ಎಂದು ಬದಲಿಸಿದರೆಂದೂ ಹೇಳಬೇಕು. ಗಾಳಿಯಾಡುವ ಪೆಟ್ಟಿಗೆಯಲ್ಲಿ ಅದು ಇಡೀ ಕೋಣೆಯ ತೇವವನ್ನು ಹೀರಲು ಹೋಗಿ ಕೆಲವೇ ದಿನಗಳಲ್ಲಿ ಸುಸ್ತಾಗಿರುತ್ತದೆ.

ನಮಗೆ ಕಂಡ ಅತ್ಯುತ್ತಮ ಪಾತ್ರೆ ಬಹಳ ಅಗ್ಗದ್ದು: ಹೋಮಿಯೋಪತಿ ಗುಳಿಗೆಯ ಪುಟ್ಟ ಗಾಜಿನ ಸೀಸೆ. ಬಿಗಿಯಾದ ಬಿರಡೆ, ಒಳಗಿನದು ಕಾಣುತ್ತದೆ, ಇಪ್ಪತ್ತೈದು ಗಾಳ ಸರಿಯಾಗಿ ಹಿಡಿಸುತ್ತವೆ, ಹೊರಮೈಯಲ್ಲಿ ಚೀಟಿಗೆ ಜಾಗವಿದೆ. ಪೊಟ್ಟಣದ ಹೆಸರಿನ ಭಾಗವನ್ನು ಕತ್ತರಿಸಿ ಒಳಗೇ ಇಡುವವರಿದ್ದಾರೆ; ರಟ್ಟು ತೇವ ಹೀರಿ ಹಿಡಿದಿಡುತ್ತದಾದ್ದರಿಂದ ಹೊರಗೆ ಅಂಟಿಸುವುದೇ ಲೇಸು. ಅಡುಗೆಮನೆಯ ಮಸಾಲೆ ಡಬ್ಬಿಯನ್ನು ಕೆಲವರು ಹೊಗಳುತ್ತಾರೆ. ಏಳು ಬಟ್ಟಲು, ಒಂದೇ ಮುಚ್ಚಳ. ಒಮ್ಮೆ ಮಗುಚಿದರೆ ಸಾಸಿವೆ ಜೀರಿಗೆಯಾದರೂ ಬೇರ್ಪಡಿಸಬಹುದು, 12ನ್ನೂ 14ನ್ನೂ ಬೇರ್ಪಡಿಸುವುದು ಯಾರಿಂದಲೂ ಆಗದು.

ವಿಜಯವಾಡದ ಕಷ್ಟ ಬೇರೆ. ಮೇ ತಿಂಗಳಲ್ಲಿ ಅಲ್ಲಿ ತುಕ್ಕಿನ ಭಯ ಕಡಿಮೆ. ಬೇಗೆಗೆ ಸ್ಪಂಜಿನ ಅಂಟು ಕರಗಿ ಹಾಸು ಕಳಚಿ ಬರುತ್ತದೆ, ತಲೆಗಂಟಿಗೆ ಹಚ್ಚುವ ವಾರ್ನಿಷು ಸೀಸೆಯಲ್ಲೇ ಕಲ್ಲಾಗುತ್ತದೆ, ಚೀಟಿಯ ಅಂಟು ಒಣಗಿ ಚೀಟಿಯೇ ಉದುರುತ್ತದೆ. ಅದಕ್ಕೆ ಅಲ್ಲಿನ ಗೆಳೆಯರು ಚೀಟಿಯನ್ನು ದಾರದಿಂದ ಸೀಸೆಯ ಕತ್ತಿಗೆ ಕಟ್ಟುತ್ತಾರೆ. ಹೇಗಿದ್ದರೂ ದಾರ ಕಟ್ಟುವುದೇ ನಮ್ಮ ಕಸುಬಲ್ಲವೆ!

ಇಷ್ಟನ್ನೂ ನಾವು ದೂರದೇಶದ ಪುಸ್ತಕಗಳಿಂದ ಕಲಿಯಬೇಕಾಗಿರಲಿಲ್ಲ ಎಂಬುದು ನಮ್ಮ ಎರಡನೆಯ ಮಾತು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ವಿಶಾಖಪಟ್ಟಣದ ಮೀನುಗಾರಿಕಾ ಬಂದರಿಗೋ ಪೆದ್ದ ಜಾಲಾರಿಪೇಟೆಗೋ ಹೋದರೆ ಗಂಡಸರು ನೆರಳಿನಲ್ಲಿ ಕುಳಿತು ಬಲೆ ಗಾಳಗಳ ರಿಪೇರಿ ನಡೆಸಿರುವುದನ್ನು ಕಾಣಬಹುದು. ಉದ್ದನೆಯ ಹಗ್ಗಕ್ಕೆ ಅಂತರಂತರದಲ್ಲಿ ಕವಲುದಾರ, ಪ್ರತಿ ಕವಲಿನ ತುದಿಗೆ ಒಂದು ಗಾಳ. ನೂರಾರು ಗಾಳಗಳ ಅಂಥ ಹಗ್ಗವೊಂದನ್ನು ಒಂದೇ ಬುಟ್ಟಿಯಲ್ಲಿ ಸುರುಳಿ ಸುತ್ತಿ, ಗಾಳಗಳನ್ನು ಮಾತ್ರ ಬುಟ್ಟಿಯ ಅಂಚಿನುದ್ದಕ್ಕೂ ಒಂದರ ಪಕ್ಕ ಒಂದರಂತೆ, ಎಲ್ಲದರ ಮೊನೆಯೂ ಒಂದೇ ಕಡೆ ತಿರುಗಿರುವಂತೆ ಸಿಕ್ಕಿಸುವುದನ್ನು ನಾವು ಅಲ್ಲಿ ನೋಡಿದೆವು. ಕತ್ತಲಲ್ಲಿ, ಅಲೆಯ ಮೇಲೆ, ಹಗ್ಗ ಸರಸರನೆ ಹೊರಹೋಗುವಾಗ ಗಾಳವೊಂದು ಸಾಲು ತಪ್ಪಿದ್ದರೆ ಅದು ಸಿಕ್ಕಿಕೊಳ್ಳುವುದು ಮೀನಿಗಲ್ಲ, ಕೈಗೆ. “ಸಾಲು ತಪ್ಪಿದರೆ ಬೆರಳು ತಪ್ಪುತ್ತದೆ ಬಾಬೂ” ಎಂಬ ಅರ್ಥದ ತೆಲುಗು ಮಾತನ್ನು ಅಲ್ಲಿನ ಹಿರಿಯರೊಬ್ಬರು ನಗುತ್ತಲೇ ಹೇಳಿದರು. ಅವರ ಎಡಗೈಯ ತೋರುಬೆರಳಿನಲ್ಲಿ ಹಳೆಯ ಕಲೆಯಿತ್ತು.

ಅವರ ಕ್ರಮದಲ್ಲಿ ಚೀಟಿಯಿಲ್ಲ, ನಿಜ. ಒಂದು ಬುಟ್ಟಿಗೆ ಒಂದೇ ಅಳತೆಯ ಗಾಳ ಎಂಬುದರಿಂದ ಬುಟ್ಟಿಯೇ ಅಲ್ಲಿ ಚೀಟಿ. ಹೊಟ್ಟೆಪಾಡಿನವರು ಒಂದು ಅಳತೆಗೆ ಒಂದು ಬುಟ್ಟಿ ಇಟ್ಟುಕೊಂಡು ಬದುಕುತ್ತಾರೆ; ಹವ್ಯಾಸಿಗಳಿಗೆ ನಲವತ್ತು ಅಳತೆ ಬೇಕು. ನಿಜವಾಗಿ ಬೇಕೇ ಎಂದು ಕೇಳಿಕೊಳ್ಳುವುದೂ ಒಳ್ಳೆಯದು. ನಮ್ಮ ಲೆಕ್ಕದಲ್ಲಿ ಈ ಎರಡು ಊರುಗಳ ನೀರಿಗೆ ಆರು ಸೀಸೆ ಸಾಕು. ಕಾಲುವೆಯ ಸಣ್ಣ ಮೀನುಗಳಿಗೆ 12 ಮತ್ತು 14, ಕೊರ್ರಮೀನಿನ ಕಪ್ಪೆಗೆ ಅಗಲ ಬಾಯಿಯ 2 ಮತ್ತು 1/0, ಅಳಿವೆಗೂ ಕಡಲಿಗೂ ಗಟ್ಟಿ ತಂತಿಯ 1/0 ಮತ್ತು 3/0.

ಇಲ್ಲೊಂದು ಆಕ್ಷೇಪ ಬರುತ್ತದೆ. ತುಕ್ಕಿನ ಕಾಟವೇ ಬೇಡ, ಎಲ್ಲವನ್ನೂ ಸ್ಟೇನ್‌ಲೆಸ್ ಉಕ್ಕಿನಲ್ಲೇ ಕೊಂಡರಾಯಿತು ಎನ್ನುತ್ತಾರೆ ಕೆಲವರು. ನಾವು ಇದನ್ನು ಒಪ್ಪುವುದಿಲ್ಲ. ದಾರ ಹರಿದು ಮೀನು ಗಾಳ ಸಮೇತ ತಪ್ಪಿಸಿಕೊಳ್ಳುವುದು ಎಂಥ ನಿಪುಣರಿಗೂ ತಪ್ಪದು. ಇಂಗಾಲದ ಉಕ್ಕಿನ ಗಾಳವಾದರೆ ನೀರಿನಲ್ಲಿ ತುಕ್ಕು ಹಿಡಿದು ಕ್ರಮೇಣ ಸವೆದು ಬೀಳುವ ಆಸೆಯಾದರೂ ಇದೆ. ಸ್ಟೇನ್‌ಲೆಸ್ ಗಾಳ ಮೀನಿನ ಬಾಯಲ್ಲೋ, ಆ ಮೀನನ್ನು ನುಂಗಿದ ಹಕ್ಕಿಯ ಗಂಟಲಲ್ಲೋ ಬಹುಕಾಲ ಹೊಳೆಯುತ್ತ ಕುಳಿತಿರುತ್ತದೆ. ವಿಜಯವಾಡದಿಂದ ದೂರವಿಲ್ಲದ ಉಪ್ಪಲಪಾಡಿನಲ್ಲೂ ಕೊಲ್ಲೇರಿನಲ್ಲೂ ಹೆಜ್ಜಾರ್ಲೆಗಳ ವಸತಿಯಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರವರು ಮನೆಯ ಮರದ ಮೇಲೆ ಸಾಕಿಕೊಂಡಂತೆ ಕಾಪಾಡುವ ಹಕ್ಕಿ ಇದೇ. ಪೆಟ್ಟಿಗೆಯಲ್ಲಿ ನಮಗೆ ಶತ್ರುವಾದ ತುಕ್ಕು ನೀರಿನಲ್ಲಿ ಅವುಗಳ ಮಿತ್ರ. ತುಕ್ಕುಹಿಡಿಯುವ ಗಾಳವನ್ನೇ ಕೊಂಡು ಅದನ್ನು ಜತನದಿಂದ ಇಟ್ಟುಕೊಳ್ಳುವ ಶ್ರಮ ನಮ್ಮದಾಗಬೇಕು. ಹಿಮ್ಮುಳ್ಳನ್ನು ಕಟ್ಟುವ ಮೊದಲೇ ಇಕ್ಕುಳದಿಂದ ಒತ್ತಿ ಮಟ್ಟಮಾಡಬೇಕೆಂಬುದೂ ಇದೇ ಕಾರಣಕ್ಕೆ. ಒತ್ತುವಾಗ ಮೊನೆ ಮುರಿದರೆ ಬರಿಗಾಳ ಹೋಯಿತು ಅಷ್ಟೆ, ಕಟ್ಟಿದ ಮೇಲೆ ಮುರಿದರೆ ಗರಿಯೂ ಹೊತ್ತೂ ಹೋದಂತೆ. ಒತ್ತಿದವಕ್ಕೆ ಬೇರೆ ಸೀಸೆ, ಚೀಟಿಯಲ್ಲಿ ‘ಮುಳ್ಳಿಲ್ಲ’ ಎಂದು ಬರೆದರಾಯಿತು.

ಇದೆಲ್ಲ ದೊರೆಗಳ ಕಾಲದ ಮೋಜು, ನಮಗೇಕೆ ಎಂಬ ಇನ್ನೊಂದು ಮಾತೂ ಕೇಳಿಬರುತ್ತದೆ. ಹೆನ್ರಿ ಸಲಿವನ್ ಥಾಮಸ್ ಎಂಬ ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದವನು. ಗಾಳದ ಬೇಟೆಯ ಮೇಲೆ ಅವನು ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಮೊದಲು ಅಚ್ಚಾಯಿತು. ಮಹಶೀರ್ ಮೀನು ತನ್ನ ದವಡೆಯ ಒತ್ತಡದಿಂದಲೇ ವಿಲಾಯಿತಿ ಗಾಳಗಳನ್ನು ಹಿಸುಕಿಹಾಕುವುದನ್ನು ಅವನು ಕಂಡು ಬರೆದಿದ್ದಾನೆ. ತಂತಿಯ ದಪ್ಪವನ್ನು ಚೀಟಿಯಲ್ಲಿ ಬರೆಯಬೇಕೆಂಬುದಕ್ಕೆ ಅದಕ್ಕಿಂತ ಹಳೆಯ ಕಾರಣ ನಮಗೆ ಬೇಕಿಲ್ಲ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನೆಂದು ಅಕ್ಕಿ ಹಾಕುವ ಮಹಶೀರ್ ಕುಲದ್ದೇ ಆದ ಕಾವೇರಿಯ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ವಿಜ್ಞಾನಿಗಳು ಅದು ಟಾರ್ ರೆಮಾದೇವಿ ಎಂಬ ಪ್ರಭೇದವೆಂದು ಗುರುತಿಸಿದರು. ಹೆಸರಿನ ಚೀಟಿ ಅಂಟುವ ಹೊತ್ತಿಗೆ ಮೀನೇ ಮಾಯವಾಗುವ ಸ್ಥಿತಿ. ಆ ಮೀನಿನ ಮೇಲೆ ಗಾಳ ಹಾಕುವ ಆಸೆ ನಮಗಿಲ್ಲ, ಇರಲೂ ಬಾರದು.

ಚೀಟಿಯನ್ನು ಯಾವ ಲಿಪಿಯಲ್ಲಿ ಬರೆಯಬೇಕು? ನಮ್ಮ ಬಳಗದಲ್ಲಿ ಅತಿ ಹೆಚ್ಚು ಚರ್ಚೆಯಾದ ಪ್ರಶ್ನೆ ಇದು. ಕೆಲವು ವರ್ಷಗಳ ಹಿಂದೆ ವಿಜಯವಾಡದಲ್ಲಿ ನಮ್ಮ ಹಿರಿಯರೊಬ್ಬರು ತೀರಿಕೊಂಡರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಮೇಲೆ ಅವರು ಪ್ರಕಾಶಂ ಬ್ಯಾರೇಜಿನ ಕೆಳಗಿನ ನೀರನ್ನು ನೋಡುತ್ತ, ಆಲಮಟ್ಟಿ ನಾರಾಯಣಪುರಗಳನ್ನು ಹಾದು ಬಂದದ್ದು ಇದೇ ನೀರಲ್ಲವೇ ಎಂದು ಆಗಾಗ ಹೇಳುತ್ತಿದ್ದರು. ಅವರ ಮೇಜಿನಲ್ಲಿ ಅರವತ್ತಕ್ಕೂ ಮಿಕ್ಕಿ ಸೀಸೆಗಳಿದ್ದುವು, ಪ್ರತಿಯೊಂದಕ್ಕೂ ಚೀಟಿ, ಎಲ್ಲವೂ ದುಂಡಾದ ಕನ್ನಡ ಅಕ್ಷರದಲ್ಲಿ. ‘ಗಿಡ್ಡ ದಂಡ, ಅಗಲ ಬಾಯಿ, ಕೊರವನಿಗೆ’ ಎಂದು ಒಂದು; ‘ತೆಳು ತಂತಿ, ಸಂಜೆಗೆ ಮಾತ್ರ’ ಎಂದು ಇನ್ನೊಂದು. ಮೊಮ್ಮಗ ಆ ಮೇಜನ್ನು ಬಿಡಲೊಲ್ಲ, ಅವನಿಗೂ ಅಜ್ಜನ ಹುಚ್ಚು ಹತ್ತಿದೆ. ಆದರೆ ಅವನು ಓದಿದ್ದು ತೆಲುಗು ಮತ್ತು ಇಂಗ್ಲಿಷ್. ಕನ್ನಡ ಮಾತಾಡುತ್ತಾನೆ, ಓದಲಾರ. ತೆಲುಗು ಕನ್ನಡ ಲಿಪಿಗಳು ಅಕ್ಕತಂಗಿಯರಾದ್ದರಿಂದ ಅಕ್ಷರ ಕೂಡಿಸಿ ಕೂಡಿಸಿ ಹೇಗೋ ಹೇಳಿಕೊಳ್ಳುತ್ತಾನೆ. ದ, ಡ, ಲ, ಮ ಸಲೀಸಾಗಿ ಬರುತ್ತವೆ, ತಲೆಕಟ್ಟು ಬೇರೆಯಾದ ಕಡೆ ಎಡವುತ್ತಾನೆ. ತಯಾರಕರ ಹೆಸರು, ಮಾದರಿಯ ಸಂಖ್ಯೆ ಆ ಚೀಟಿಗಳಲ್ಲಿ ಇಲ್ಲ. ಹಿರಿಯರಿಗೆ ಅವು ಬಾಯಿಪಾಠವಾಗಿದ್ದುವು.

ಇಂಗ್ಲಿಷಿನಲ್ಲೇ ಬರೆದಿದ್ದರೆ ಈ ತೊಡಕು ಬರುತ್ತಿರಲಿಲ್ಲ ಎಂದು ಬಳಗದ ಕೆಲವರ ಮತ. ನಾವು ಅದನ್ನು ಪೂರ್ತಿಯಾಗಿ ಒಪ್ಪಲಾರೆವು. ‘ಸಂಜೆಗೆ ಮಾತ್ರ’ ಎಂಬುದನ್ನು ಅವರು ಇಂಗ್ಲಿಷಿನಲ್ಲಿ ಬರೆಯುತ್ತಲೇ ಇರಲಿಲ್ಲ. ಅದು ನೀರಿನ ಬಳಿ ಕುಳಿತು ತನ್ನೊಳಗೆ ತಾನು ಆಡಿಕೊಂಡ ಮಾತು, ಅಂಗಡಿಗೆ ಹೇಳುವ ಮಾತಲ್ಲ. ಚೀಟಿಯಲ್ಲಿ ಎರಡು ಸಾಲು ಇರಲಿ ಎಂಬುದು ನಮ್ಮ ಅಭಿಪ್ರಾಯ. ಮೇಲಿನ ಸಾಲಿನಲ್ಲಿ ತಯಾರಕರ ಹೆಸರು, ಮಾದರಿ, ಸಂಖ್ಯೆ, ಕೊಂಡ ವರ್ಷ. ಇದು ಅಂಕಿಯಲ್ಲಿ, ಪೊಟ್ಟಣದಲ್ಲಿ ಇದ್ದಂತೆಯೇ, ಯಾರು ಬೇಕಾದರೂ ಓದಿ ಮತ್ತೆ ತರಿಸುವಂತೆ. ಕೆಳಗಿನ ಸಾಲು ಕನ್ನಡದಲ್ಲಿ, ಬರೆದವರಿಗೆ ತೋಚಿದಂತೆ. ಮೊದಲ ಸಾಲು ಇಲ್ಲದ ಚೀಟಿ ವಾರಸುದಾರನಿಗೆ ನಿರುಪಯೋಗಿ, ಎರಡನೆಯ ಸಾಲು ಇಲ್ಲದ್ದು ಅಂಗಡಿಯ ರಸೀತಿ. ಆ ಹುಡುಗ ಈಗ ಭಾನುವಾರಗಳಂದು ಬಂದು ಸೀಸೆಗಳನ್ನು ಒಂದೊಂದಾಗಿ ತೆಗೆದು, ಅಜ್ಜನ ಸಾಲನ್ನು ಗಟ್ಟಿಯಾಗಿ ಓದಿ, ಅಳತೆಪಟ್ಟಿಯ ಮೇಲೆ ಗಾಳವಿಟ್ಟು ನಮ್ಮೊಡನೆ ಮೇಲಿನ ಸಾಲನ್ನು ಬರೆಯುತ್ತಿದ್ದಾನೆ. ಇದುವರೆಗೆ ಹತ್ತೊಂಬತ್ತು ಸೀಸೆ ಮುಗಿದಿವೆ.

ಹಾಗೆ ತೆರೆದ ಸೀಸೆಗಳಲ್ಲಿ ಕೆಲವು ಗಾಳ ತುಕ್ಕುಹಿಡಿದು ಕೆಟ್ಟಿರುತ್ತವೆ. ಅವನ್ನು ಏನು ಮಾಡಬೇಕೆಂಬುದನ್ನು ಸಂಗ್ರಹದ ಬಗೆಗೆ ಬರೆಯುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಕಸದ ಚೀಲಕ್ಕೆ ಎಸೆದ ಗಾಳ ಬರಿಗೈಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕರ ಅಂಗೈಗೆ ನಾಟುತ್ತದೆ. ಮೇಜಿನಿಂದ ಉದುರಿದ್ದು ಮನೆಗೆಲಸಕ್ಕೆ ಬಂದು ಬರಿಗಾಲಲ್ಲಿ ನೆಲ ಒರೆಸುವ ಹೆಣ್ಣುಮಗಳ ಕಾಲಿಗೆ. ಹಿಮ್ಮುಳ್ಳಿದ್ದರೆ ಅದನ್ನು ಕೀಳಲು ಆಸ್ಪತ್ರೆಗೇ ಹೋಗಬೇಕು, ಅಂದಿನ ಕೂಲಿಯೂ ಹೋದಂತೆ. ಆದ್ದರಿಂದ ಕಟ್ಟಲು ಕೂರುವಾಗ ಗಾಳಗಳನ್ನು ಎಣಿಸಿ ಹೊರತೆಗೆದು, ಏಳುವಾಗ ಎಣಿಸಿ ಒಳಗಿಡುವುದು ನಮ್ಮಲ್ಲಿ ಕಡ್ಡಾಯ. ಲೆಕ್ಕ ತಪ್ಪಿದರೆ ಅಯಸ್ಕಾಂತದ ತುಂಡನ್ನು ನೆಲದ ಮೇಲೆ ಆಡಿಸಿ ಹುಡುಕಿಯೇ ಏಳಬೇಕು. ಕೆಟ್ಟವುಗಳಿಗೆ ಮೇಜಿನ ಮೂಲೆಯಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಹಳೆಯ ಔಷಧದ ಡಬ್ಬಿಯೊಂದಿದೆ; ಮುಚ್ಚಳದಲ್ಲಿ ಗಾಳವೊಂದು ಹೋಗುವಷ್ಟೇ ತೂತು. ತುಂಬಿದಾಗ ತೂತಿಗೆ ಅಂಟುಪಟ್ಟಿ ಸುತ್ತಿ, ಡಬ್ಬಿ ಸಮೇತ ಗುಜರಿ ಅಂಗಡಿಯವರ ಕೈಗೆ, ಒಳಗೇನಿದೆಯೆಂದು ಬಾಯಲ್ಲಿ ಹೇಳಿ ಕೊಡುತ್ತೇವೆ. ಆ ಡಬ್ಬಿಯ ಮೇಲೂ ಒಂದು ಚೀಟಿ ಇದೆ, ಕೆಂಪು ಶಾಯಿಯಲ್ಲಿ, ತೆಲುಗಿನಲ್ಲಿ.